ತಳ ಹಿಡಿಯುತ್ತೆ, ಗ್ಯಾರಂಟಿ

ಬೀದಿಯಲ್ಲೂ ಕಾಲೇಜಿನಲ್ಲೂ ‘ಶ್ಲೇಷೆ ಮೇಷ್ಟ್ರು’ ಎಂದೇ ಕರೆಸಿಕೊಳ್ಳುವ ನಾನು, ವಯಸ್ಸು ಐವತ್ತಮೂರು, ವೃತ್ತಿ ಕಾಲೇಜಿನಲ್ಲಿ ಭಾಷೆಯ ಅಧ್ಯಾಪನ, ವಾಸ ಲಾಂಡ್ರಿ ಅಂಗಡಿಯ ಮೇಲಿನ ಮನೆ, ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ಅವರ ಎದುರು, ಒಂದು ಕಾಲು ಗಿಡ್ಡವಾದ ಕುರ್ಚಿಯಲ್ಲಿ ಕುಳಿತು, ಯಾರ ಒತ್ತಾಯಕ್ಕೂ ಒಳಗಾಗದೆ, ಆದರೆ ವಿಪರೀತ ಕೋಪಕ್ಕೆ ಒಳಗಾಗಿ ತಿಳಿಯಪಡಿಸುವುದೇನೆಂದರೆ:

ನಾನು ಕಳ್ಳ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ನಾನು ಕದ್ದದ್ದು ನನ್ನ ಮೇಲೆ ಹೊರಿಸಿರುವ ಮೂರು ಸ್ಟೀಲ್ ಪಾತ್ರೆಗಳನ್ನಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದ ಗಾಜಿನ ಬೀರುವಿನಿಂದ, ಕುದುರೆ ಲಾಳದ ಆಕಾರದ, ಒಂದು ತುದಿಗೆ ಕೆಂಪು ಬಳಿದ ಆಯಸ್ಕಾಂತವೊಂದನ್ನು ಎರವಲು ತಂದು, ಹಿಂತಿರುಗಿಸಲು ಮರೆತಿದ್ದೇನೆ. ಮರೆತಿದ್ದೇನೆ ಎಂಬುದು ದಿನವೂ ನೆನಪಿರುವುದರಿಂದ ಇದು ಕಳವೇ ಸರಿ. ಅಯಸ್ ಎಂದರೆ ಕಬ್ಬಿಣ, ಕಾಂತ ಎಂದರೆ ಗಂಡ. ಕಬ್ಬಿಣದ ಗಂಡನನ್ನು ಅಪಹರಿಸಿ ಜೇಬಿನಲ್ಲಿಟ್ಟುಕೊಂಡದ್ದಕ್ಕೆ ಯಾವ ಶಿಕ್ಷೆಯಿದೆಯೋ ಅದನ್ನು ಅನುಭವಿಸಲು ಸಿದ್ಧನಿದ್ದೇನೆ. ಈ ವಾಕ್ಯ ಬರೆದುಕೊಳ್ಳುವಾಗ ರೈಟರ್ ಅವರು ನಗಲಿಲ್ಲ ಎಂಬುದನ್ನೂ ದಾಖಲಿಸಬೇಕಾಗಿ ಕೋರುತ್ತೇನೆ.

ಆಯಸ್ಕಾಂತ ಯಾಕೆ ಬೇಕಾಯಿತು ಎಂದು ರೈಟರ್ ಅವರು ಕೇಳಿದ್ದರಿಂದ ಹೇಳುತ್ತೇನೆ. ನನ್ನ ಸೋದರಮಾವ ನನಗೆ ಕಲಿಸಿದ ಸೂತ್ರ ಒಂದೇ: ಸ್ಟೀಲಿಗೆ ಆಯಸ್ಕಾಂತ ಹಿಡಿದರೆ ಕಳಪೆ, ಹಿಡಿಯದಿದ್ದರೆ ಅಪ್ಪಟ. ಈ ಸೂತ್ರದಿಂದ ನಾನು ನಂಟರಿಷ್ಟರ ಮನೆಯ ಪಾತ್ರೆ, ತಟ್ಟೆ, ಸೌಟುಗಳನ್ನೆಲ್ಲ ಪರೀಕ್ಷಿಸಿ ಅವರ ಕಣ್ಣು ತೆರೆಸಿದ್ದೇನೆ. ಅಂಟಿದರೆ ನಂಟಲ್ಲ, ಅಂಟದಿದ್ದರೆ ನಂಟು ಎಂಬುದು ನನ್ನ ಮಾತು. ಆಮೇಲಾಮೇಲೆ ಕೆಲವು ಮನೆಗಳಲ್ಲಿ ನನಗೆ ಕಾಫಿಯನ್ನು ಗಾಜಿನ ಲೋಟದಲ್ಲೇ ಕೊಡತೊಡಗಿದರು. ಅದು ಗೌರವ ಎಂದು ತಿಳಿದಿದ್ದೇನೆ. ನಾದಿನಿಯ ಮನೆಯ ಒಂದು ಬಟ್ಟಲಿಗೆ ಹೊಟ್ಟೆಯ ಹತ್ತಿರ ಹಿಡಿಯಲಿಲ್ಲ, ಬಾಗಿದ ಅಂಚಿನಲ್ಲಿ ಮಾತ್ರ ಸ್ವಲ್ಪ ಹಿಡಿಯಿತು. ಅದನ್ನು ಮಿಶ್ರತಳಿ ಎಂದು ಘೋಷಿಸಿದೆ. ನಮ್ಮ ಮನೆಯಲ್ಲಿ ಹೆಂಡತಿ ಬಹಳ ಪ್ರೀತಿಯಿಂದ ಬಳಸುತ್ತಿದ್ದ ಚಾಕುವಿಗೆ ಗಟ್ಟಿಯಾಗಿ ಹಿಡಿದದ್ದರಿಂದ ಅದನ್ನು ಗುಜರಿಗೆ ಹಾಕಿ, ಹಿಡಿಯದ ಚಾಕು ತಂದುಕೊಟ್ಟೆ. ಅದು ಅಪ್ಪಟವಾಗಿದೆ. ಟೊಮೆಟೊ ಕುಯ್ಯುವುದಿಲ್ಲ, ಅಷ್ಟೇ.

ಇನ್ನು ನನ್ನ ಅಡ್ಡಹೆಸರಿನ ವಿಚಾರ. ಒಂದೇ ಮಾತಿನಲ್ಲಿ ಎರಡು ಅರ್ಥ ಹುದುಗಿರುವುದಕ್ಕೆ ಶ್ಲೇಷೆ ಎನ್ನುತ್ತಾರೆ. ಮೂವತ್ತು ವರ್ಷದಿಂದ ಅದನ್ನು ಪಾಠ ಮಾಡುತ್ತಿದ್ದೇನೆ. ಮಾತು ಯಾರದೇ ಇರಲಿ, ಅದರ ಎರಡನೆಯ ಅರ್ಥ ನನ್ನ ಕಿವಿಗೆ ಮೊದಲನೆಯದಕ್ಕಿಂತ ಮುಂಚೆ ಬರುತ್ತದೆ. ಇದು ಹೆಚ್ಚುಗಾರಿಕೆಯಲ್ಲ, ಕಸುಬು.

ನನ್ನ ಹೆಂಡತಿ ಮನೆಯಿಂದಲೇ ಅಡುಗೆ ಮಾಡಿ ಊಟದ ಡಬ್ಬಿಗಳನ್ನು ಕಳಿಸುತ್ತಾಳೆ. ನಮ್ಮ ಅಡುಗೆಮನೆಯಲ್ಲಿ ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಹೋಗಬೇಕು. ಹೋಗುವವನು ನಾನು. ಕಳೆದ ತಿಂಗಳು ದೊಡ್ಡ ಕಟ್ಟಡವೊಂದರ ನಾಲ್ಕನೇ ಮಹಡಿಯ ಆಫೀಸಿನಿಂದ ಆಕೆಗೆ ಕರೆ ಬಂತು. ಅಲ್ಲಿಯೇ ಬಂದು ದಿನವೂ ಮಧ್ಯಾಹ್ನದ ಅಡುಗೆ ಮಾಡಿ ಬಡಿಸಬೇಕು. ಒಪ್ಪಂದಕ್ಕೆ ಮೊದಲು ಒಂದು ದಿನ ಪರೀಕ್ಷೆ. ಈ ಮೊದಲು ಬಂದಿದ್ದ ಇಬ್ಬರು ಅಡುಗೆಯವರನ್ನು ಒಂದೇ ದಿನಕ್ಕೆ ವಾಪಸು ಕಳಿಸಿದ್ದರಂತೆ. ಪರೀಕ್ಷೆ ಇವತ್ತು, ಸೋಮವಾರ, ಮಧ್ಯಾಹ್ನ ಒಂದು ಗಂಟೆಗೆ, ನಲವತ್ತು ಜನಕ್ಕೆ. ಇದು ಸಿಕ್ಕರೆ ಇನ್ನು ಕೋಳಿಗಿಂತ ಮುಂಚೆ ಏಳುವುದು ತಪ್ಪುತ್ತದೆ, ಬೆನ್ನು ನೆಟ್ಟಗಾಗುತ್ತದೆ ಎಂದು ಆಕೆ ಹೇಳಿದಳು. ಆಕೆ ಹಾಗೆಲ್ಲ ಬೆನ್ನಿನ ಮಾತೆತ್ತುವವಳಲ್ಲ.

ಆ ಕಟ್ಟಡದಲ್ಲಿ ಗ್ಯಾಸ್ ಹಚ್ಚುವಂತಿಲ್ಲ. ಇಂಡಕ್ಷನ್ ಒಲೆಗಳಿವೆ. ಅಂದರೆ ಬೆಂಕಿಯೇ ಕಾಣದ, ಕಪ್ಪು ಗಾಜಿನ ಹಲಗೆಯಂಥ ಒಲೆ. ಮನೆಯ ಅಲ್ಯೂಮಿನಿಯಂ ಪಾತ್ರೆಗಳು ಅದಕ್ಕೆ ಆಗುವುದಿಲ್ಲವೆಂದು ಆಕೆ ತಮ್ಮನ ಪಾತ್ರೆ ಅಂಗಡಿಯಲ್ಲಿ ಮೂರು ಹೊಸ ಸ್ಟೀಲ್ ಪಾತ್ರೆಗಳಿಗೆ ಹೇಳಿದ್ದಳು. ಶನಿವಾರ ಸಂಜೆ ಐದು ಗಂಟೆಗೆ ಹೆಂಡತಿ ನನಗೆ, “ರೀ, ತಮ್ಮ ಮೂರು ಪಾತ್ರೆ ತೆಗೆದಿಟ್ಟಿದಾನೆ. ತಳ ಹಿಡಿಯೋದೇ ನೋಡಿ ತಗೊಂಡು ಬನ್ನಿ. ಮರೀಬೇಡಿ, ತಳ ಹಿಡೀಬೇಕು,” ಎಂದು ಹೇಳಿ ಕಳಿಸಿದಳು.

ತಳ ಹಿಡಿಯುವುದು ಎಂದರೆ ಅನ್ನವೋ ಹಾಲೋ ಸೀದು ಪಾತ್ರೆಯ ಬುಡಕ್ಕೆ ಕಚ್ಚಿಕೊಳ್ಳುವುದು. ಸೀದ ವಾಸನೆಗೆ ಹಾತೊರೆಯುವ ಅಡುಗೆಯವಳು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ದಣಿದ ನಾಲಗೆ ‘ಹಿಡಿಯದ್ದು’ ಎನ್ನುವ ಕಡೆ ‘ಹಿಡಿಯೋದು’ ಎಂದಿದೆ ಎಂದು ತಿಳಿದು, ಆಕೆಯ ಮನಸ್ಸು ನೋಯಿಸಬಾರದೆಂದು ಮನಸ್ಸಿನಲ್ಲೇ ತಿದ್ದಿಕೊಂಡು ಹೊರಟೆ. ತಿದ್ದುವುದೂ ನನ್ನ ಕಸುಬೇ.

ಬಾಮೈದನ ಅಂಗಡಿ ನಮ್ಮ ಮನೆಯಿಂದ ಅರ್ಧ ಕಿಲೋಮೀಟರ್. ಒಳಗೆ ಹೋದರೆ ಸುತ್ತಲಿನ ಪಾತ್ರೆಗಳಲ್ಲೆಲ್ಲ ನಮ್ಮದೇ ಮುಖ ಉದ್ದವಾಗಿಯೂ ಅಡ್ಡವಾಗಿಯೂ ಕಾಣಿಸುತ್ತದೆ. ಆಗ ಅಲ್ಲಿ ಐದಾರು ಗಿರಾಕಿಗಳಿದ್ದರು. ಬಾಮೈದ ನನ್ನನ್ನು ಕಂಡ ಕೂಡಲೇ, “ಬನ್ನಿ ಭಾವ, ಬನ್ನಿ. ಜೇಬು ಜೋತು ಬಿದ್ದಿದೆ, ಕಬ್ಬಿಣದ ಗಂಡನ್ನೂ ಕರ್ಕೊಂಡ್ ಬಂದ್ರಾ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದನು. ನಂತರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತೆಗೆದಿಟ್ಟಿದ್ದ ಮೂರು ಪಾತ್ರೆಗಳನ್ನು ಮಗುಚಿ, ಬುಡದ ಮೇಲೆ ಬೆರಳಿನಿಂದ ತಟ್ಟಿ, “ಅಕ್ಕನಿಗೆ ಹೇಳಿ, ತಳ ಹಿಡಿಯುತ್ತೆ, ಗ್ಯಾರಂಟಿ,” ಎಂದನು.

ತನ್ನ ಮಾಲಿನ ದೋಷಕ್ಕೆ ತಾನೇ ಗ್ಯಾರಂಟಿ ಕೊಡುವ ವ್ಯಾಪಾರಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಒಡಹುಟ್ಟಿದ ಅಕ್ಕನ ಅನ್ನ ಸೀಯಲೆಂದು ಹಲ್ಲು ಕಿರಿಯುತ್ತ ಹೇಳುತ್ತಿದ್ದಾನೆ! ನಾನು ಆಯಸ್ಕಾಂತವನ್ನು ತೆಗೆದು ಮೊದಲ ಪಾತ್ರೆಯ ಬುಡಕ್ಕೆ ಮುಟ್ಟಿಸಿದೆ. ಟಪ್ಪೆಂದು ಕಚ್ಚಿಕೊಂಡಿತು. ಎರಡನೆಯದಕ್ಕೂ, ಮೂರನೆಯದಕ್ಕೂ ಕಚ್ಚಿಕೊಂಡಿತು. ಆಗ ನಾನು, ಸ್ಟೇನ್‌ಲೆಸ್ ಎಂದರೆ ಕಲೆಯಿಲ್ಲದ್ದು, ನಿನ್ನ ಹತ್ತಿರ ಇರುವುದು ಮಾರುವ ಕಲೆಯೊಂದೇ ಎಂದೆನು. ಈ ಅಂಗಡಿಯಲ್ಲಿ ಉಕ್ಕಿಗಿಂತ ಸೊಕ್ಕು ಜಾಸ್ತಿ, ಸೊಕ್ಕಿಗಿಂತ ತುಕ್ಕು ಜಾಸ್ತಿ ಎಂದೂ ಹೇಳಿದೆನು.

ಅದಕ್ಕೆ ಬಾಮೈದ, “ಅಯ್ಯೋ ಭಾವ, ಹಿಡೀಲಿ ಅಂತಾನೇ ಕೊಡ್ತಿರೋದು,” ಎಂದನು.

ನಾನು ಗಿರಾಕಿಗಳ ಕಡೆ ತಿರುಗಿ, ಕೇಳಿದಿರಾ ಇವನ ಮಾತು, ಹಿಡಿಯಲಿ ಅಂತಲೇ ಕೊಡುತ್ತಾನಂತೆ, ಅನ್ನವೆಲ್ಲ ಬುಡಕ್ಕೆ, ನಲವತ್ತು ಜನರ ಹೊಟ್ಟೆಗೆ ಹೊಗೆ ಎಂದೆನು. ಎಲ್ಲರೂ ಜೋರಾಗಿ ನಕ್ಕರು. ಒಬ್ಬಾಕೆ ತಟ್ಟೆಗಳ ಸ್ಟ್ಯಾಂಡನ್ನು ಹಿಡಿದುಕೊಂಡು ಕಣ್ಣೊರೆಸಿಕೊಂಡರು. ನನ್ನ ಮಾತಿಗೆ ಅಷ್ಟು ನಗು ತರಗತಿಯಲ್ಲೂ ಸಿಕ್ಕಿದ್ದಿಲ್ಲ.

ಬಾಮೈದ, “ಭಾವ, ಎರಡು ನಿಮಿಷ ಬಾಯಿಗೆ ಮುಚ್ಚಳ ಹಾಕಿ, ಆ ಒಲೆಗೆ ಏನು ಬೇಕು ಅಂತ ಹೇಳ್ತೀನಿ,” ಎಂದನು. ನಿನ್ನ ಪಾತ್ರೆಗೇ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಇನ್ನು ನನ್ನ ಬಾಯಿಗೆಲ್ಲಿಯದು ಎಂದೆನು. ಅಷ್ಟರಲ್ಲಿ ಹತ್ತು ಲೋಟ ಆರಿಸಿಟ್ಟುಕೊಂಡಿದ್ದ ಗಿರಾಕಿಯೊಬ್ಬರು ಲೋಟಗಳನ್ನು ಅಲ್ಲೇ ಬಿಟ್ಟು ಹೊರಟುಹೋದರು. ಬಾಮೈದನ ಮುಖ ಕೆಂಪಾಯಿತು. “ಹಾಗಾದ್ರೆ ನಿಮಗೆ ಬೇಕಾದ್ದೇ ತಗೊಳ್ಳಿ. ಮೂಲೆ ಶೆಲ್ಫಲ್ಲಿ ಇದೆ, ಒಂದಕ್ಕೂ ಹಿಡಿಯಲ್ಲ. ನಾಳೆ ಅಕ್ಕ ಕೇಳಿದ್ರೆ ನನ್ನ ಕಡೆ ಬೆರಳು ತೋರಿಸ್ಬೇಡಿ,” ಎಂದು ಹೇಳಿ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿಕೊಂಡನು. ಮೂಲೆಯ ಶೆಲ್ಫಿನಲ್ಲಿ ಅದೇ ಅಳತೆಯ ಪಾತ್ರೆಗಳಿದ್ದವು. ಮೂರಕ್ಕೂ ಆಯಸ್ಕಾಂತ ಜಾರಿಬಿತ್ತು. ಅವನ್ನೇ ತಂದೆನು. ಮನೆಯಲ್ಲಿ, ಆಯಿತಾ ಎಂದು ಹೆಂಡತಿ ಕೇಳಿದಳು. ಆಯಿತು, ಅಪ್ಪಟ ಎಂದೆನು. ತಮ್ಮನೇ ತೆಗೆದಿಟ್ಟದ್ದು ಎಂಬ ನಂಬಿಕೆಯಿಂದ ಆಕೆ ಇನ್ನೇನೂ ಕೇಳಲಿಲ್ಲ.

ಭಾನುವಾರ ಸಂಜೆ ಆಕೆ ಹೂಕೋಸು ಬಿಡಿಸಿ, ಹುಳು ಹೋಗಲೆಂದು ಉಪ್ಪುನೀರು ತುಂಬಿ, ಹೊಸ ಪಾತ್ರೆಯೊಂದರಲ್ಲಿ ಹಾಕಿಟ್ಟಳು. ಇವತ್ತು ಬೆಳಗ್ಗೆ ನೀರು ಚೆಲ್ಲಿದಾಗ ಪಾತ್ರೆಯೊಳಗೆ ಎಳ್ಳಿನಷ್ಟು ಗಾತ್ರದ ಕಂದು ಚುಕ್ಕೆಗಳು ಕಂಡವು. ಅದು ತರಕಾರಿಯ ಬಣ್ಣ ಎಂದು ನಾನು ಹೇಳಿದೆನು. ಆಕೆ ಉಜ್ಜಿದಳು. ಮತ್ತೆ ಉಜ್ಜಿದಳು. ಹೂಕೋಸು ಬೆಳ್ಳಗಿರುತ್ತದೆ ಎಂದಷ್ಟೇ ಹೇಳಿ ಪಾತ್ರೆಯನ್ನು ಚೀಲಕ್ಕೆ ಹಾಕಿದಳು.

ಬೆಳಗ್ಗೆ ಹತ್ತೂವರೆಗೆ ನಾವಿಬ್ಬರೂ ಆಫೀಸಿನ ಅಡುಗೆ ಕೋಣೆ ತಲುಪಿದೆವು. ಬಿಳಿ ಟೈಲ್ಸಿನ ಗೋಡೆ, ಸಾಲಾಗಿ ಮೂರು ಒಲೆ. ಆಫೀಸಿನ ಮ್ಯಾನೇಜರ್ ಮೇಡಂ ಬಾಗಿಲಲ್ಲಿ ನಿಂತು, ಒಂದು ಗಂಟೆಗೆ ಸರಿಯಾಗಿ ಊಟ ಆಗಬೇಕೆಂದು ತಿಳಿಸಿದರು. ಹೆಂಡತಿ ಅಕ್ಕಿಗೆ ನೀರಿಟ್ಟು ಗುಂಡಿ ಒತ್ತಿದಳು. ಒಲೆ ಮೂರು ಸಲ ಕೀಚ್ ಎಂದಿತು, ಕೆಂಪು ದೀಪ ಮಿಣುಕಿತು, ಆರಿತು. ಎರಡನೆಯ ಒಲೆಯೂ ಹಾಗೇ. ಮೂರನೆಯದೂ ಹಾಗೇ. ಹತ್ತು ಸೇರು ಅಕ್ಕಿ ಹಿಡಿಯುವ ಪಾತ್ರೆ ಕಣ್ಣೆದುರಿಗೆ ಕೂತಿದ್ದರೂ ಒಲೆಯ ಮಟ್ಟಿಗೆ ಅಲ್ಲಿ ಪಾತ್ರೆಯೇ ಇರಲಿಲ್ಲ. ಇಷ್ಟು ದೊಡ್ಡ ಪಾತ್ರಕ್ಕೆ ರಂಗಪ್ರವೇಶವೇ ಇಲ್ಲವಲ್ಲ ಎಂದು ನಾನು ಮೇಡಂ ಅವರನ್ನು ನಗಿಸಲು ಪ್ರಯತ್ನಿಸಿದೆ. ಅವರು ಗಡಿಯಾರ ನೋಡಿಕೊಂಡು ಒಳಗೆ ಹೋದರು.

ಒಲೆಯ ಬದಿಯಲ್ಲಿ ಒಂದು ಚೀಟಿ ಅಂಟಿಸಿತ್ತು. ಬುಡಕ್ಕೆ ಆಯಸ್ಕಾಂತ ಅಂಟುವ ಪಾತ್ರೆಗಳನ್ನು ಮಾತ್ರ ಬಳಸಬೇಕೆಂದು ಅದರಲ್ಲಿತ್ತು. ನಾನು ಗಟ್ಟಿಯಾಗಿ ಓದಿ, ಇದೇನು ಒಲೆಯೋ, ಕಳಪೆ ಮಾಲಿನ ಏಜೆಂಟೋ ಎಂದು ಕೇಳಿದೆನು. ಹೆಂಡತಿ ಒದ್ದೆಯಿಲ್ಲದ ಕೈಗಳನ್ನು ಟವೆಲಿನಲ್ಲಿ ಒರೆಸಿಕೊಂಡಳು. ಇನ್ನೊಮ್ಮೆ ಒರೆಸಿಕೊಂಡಳು.

“ರೀ, ನಾನು ಏನು ಹೇಳಿ ಕಳಿಸಿದ್ದೆ?” ಎಂದು ಕೇಳಿದಳು.

ನೀನು ಬಾಯಿ ತಪ್ಪಿ ಏನೋ ಹೇಳಿದ್ದೆ, ನಾನು ತಿದ್ದಿಕೊಂಡು ಹೋಗಿ ಒಳ್ಳೆಯದನ್ನೇ ತಂದೆ ಎಂದು ಸಮಾಧಾನ ಹೇಳಿದೆನು.

ಆಕೆ ನೀರು ಚೆಲ್ಲಿ, ಮೂರು ಪಾತ್ರೆಗಳನ್ನೂ ನನ್ನ ಕೈಗಿಟ್ಟು, “ಪುಣ್ಯಾತ್ಮರೇ, ಈಗಲೇ ಹೋಗಿ. ತಮ್ಮ ತೆಗೆದಿಟ್ಟಿದ್ದವನ್ನೇ ಬದಲಾಯಿಸಿಕೊಂಡು ಬನ್ನಿ. ಅಂಗಡೀಲಿ ಬಾಯಿ ಮಾತ್ರ ಬಿಡಬೇಡಿ. ಒಂದಕ್ಷರ ಬೇಡ,” ಎಂದಳು. ಆಕೆಯ ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಹನ್ನೊಂದೂಕಾಲಿಗೆ ಅಂಗಡಿ ತಲುಪಿದೆನು. ಬಾಮೈದ ಇರಲಿಲ್ಲ. ಅಂದೇ ಕೆಲಸಕ್ಕೆ ಸೇರಿದ್ದ ಸೇಲ್ಸ್‌ಮನ್ ಒಬ್ಬರಿದ್ದರು. ಆ ಮೂರು ಪಾತ್ರೆಗಳು ಶನಿವಾರ ಇದ್ದಲ್ಲೇ ಇದ್ದವು. ಹೆಂಡತಿಯ ಆಜ್ಞೆಯಂತೆ ನಾನು ತುಟಿಪಿಟಕ್ಕೆನ್ನದೆ ತಂದಿದ್ದ ಪಾತ್ರೆಗಳನ್ನು ಮೇಜಿನ ಮೇಲಿಟ್ಟು, ಆ ಮೂರರ ಬುಡಕ್ಕೂ ಆಯಸ್ಕಾಂತ ಮುಟ್ಟಿಸಿ ಖಾತ್ರಿಪಡಿಸಿಕೊಂಡು, ಒಂದರೊಳಗೊಂದು ಇಟ್ಟು, ಎತ್ತಿಕೊಂಡು ಹೊರಟೆನು. ಸಮಯವಿಲ್ಲದ್ದರಿಂದ ಓಡಿದೆನು. ಸೇಲ್ಸ್‌ಮನ್ ನನ್ನ ಹಿಂದೆ, “ಹಿಡೀರಿ! ಹಿಡೀರಿ!” ಎಂದು ಕೂಗಿದರು. ಪಾತ್ರೆಯ ಬಗ್ಗೆ ಕೇಳುತ್ತಿದ್ದಾರೆಂದು ಭಾವಿಸಿ, ಹಿಡಿಯುತ್ತದೆ, ನೋಡಿದ್ದೇನೆ ಎಂಬರ್ಥದಲ್ಲಿ ತಿರುಗಿ ತಲೆಯಾಡಿಸಿದೆನು. ಬದುಕಿನಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದಕ್ಕೆ ನನಗೆ ಸಂದ ಬಹುಮಾನ ಇದು.

ಅಂಗಡಿಯಿಂದ ಮೂವತ್ತು ಮೀಟರ್ ದೂರದಲ್ಲಿ ಅದೇ ಬೀದಿಯ ಟೈಲರ್ ಒಬ್ಬರು ನನ್ನ ಅಂಗಿಯ ಕಾಲರನ್ನು ಹಿಡಿದರು. ಆ ಕಾಲರನ್ನು ಹೊಲಿದವರೂ ಅವರೇ. ನನ್ನ ಮುಖ ನೋಡಿ, “ಅಯ್ಯೋ ಮೇಷ್ಟ್ರೇ, ನೀವಾ?” ಎಂದರು. ಆದರೆ ಕಾಲರ್ ಬಿಡಲಿಲ್ಲ. ಬದಲಿಗೆ ಸುತ್ತ ಸೇರಿದ್ದ ಜನರಿಗೆ, “ನೋಡಿ, ಇಷ್ಟು ಎಳೆದ್ರೂ ಹೊಲಿಗೆ ಬಿಟ್ಟಿಲ್ಲ,” ಎಂದು ತೋರಿಸಿದರು. ಒಬ್ಬ ಅಧ್ಯಾಪಕನ ಕುತ್ತಿಗೆಯನ್ನು ಜಾಹೀರಾತಿಗೆ ಬಳಸಿಕೊಂಡದ್ದರ ಬಗ್ಗೆ ಪ್ರತ್ಯೇಕ ಕ್ರಮ ಆಗಬೇಕು.

ಸೇಲ್ಸ್‌ಮನ್ ಕೊಟ್ಟ ದೂರಿನ ಮೇಲೆ ಠಾಣೆಯಲ್ಲಿ ನನ್ನನ್ನು ಕೂರಿಸಿ, ಮೂರು ಪಾತ್ರೆಗಳನ್ನೂ ಆಯಸ್ಕಾಂತವನ್ನೂ ಜಪ್ತಿ ಮಾಡಿದರು. ಇಲ್ಲಿ ನನ್ನ ಆಕ್ಷೇಪಣೆ ತೀವ್ರವಾದದ್ದು. ಕಳ್ಳನನ್ನು ಕೂರಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ನಾಲ್ಕನೇ ಮಹಡಿಯಲ್ಲಿ ಒಬ್ಬಳು ತೊಳೆದ ಅಕ್ಕಿಯ ಮುಂದೆ ನಿಂತಿದ್ದಾಳೆ, ಪಾತ್ರೆಯನ್ನಾದರೂ ಬಿಡಿ ಎಂದು ಮೂರು ಸಲ ಕೇಳಿಕೊಂಡೆನು. ಮಾಲಿನ ಒಡೆಯ ಬರಲಿ ಎಂದು ರೈಟರ್ ಅವರು ಹೇಳಿದರು. ಅಷ್ಟೂ ಹೊತ್ತು ಅವರು ಆಯಸ್ಕಾಂತವನ್ನು ತಮ್ಮ ಊಟದ ಡಬ್ಬಿಗೆ ಹಚ್ಚುತ್ತ, ಕೀಳುತ್ತ ಇದ್ದರು.

ಹನ್ನೊಂದೂಮುಕ್ಕಾಲಿಗೆ ಬಾಮೈದ ಸ್ಕೂಟರಿನಲ್ಲಿ ಬಂದನು. ವಿಷಯ ಕೇಳಿ ಮೊದಲು ಬಾಗಿಲಿಗೆ ಒರಗಿ ನಕ್ಕನು. ನಾನು, ನಗುವುದು ಆಮೇಲೆ, ಮೊದಲು ಉತ್ತರ ಕೊಡು, ಆಯಸ್ಕಾಂತ ಹಿಡಿಯದ ಪಾತ್ರೆಗೆ ತುಕ್ಕು ಹೇಗೆ ಹಿಡಿಯಿತು ಎಂದು ಕೇಳಿದೆನು.

“ಭಾವ, ನಿಕ್ಕಲ್ ಸರಿಯಾಗಿ ಹಾಕಿದ ಸ್ಟೀಲಿಗೂ ಮ್ಯಾಗ್ನೆಟ್ ಹಿಡಿಯಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ ಮಾಲಿಗೂ ಹಿಡಿಯಲ್ಲ. ನಿಮ್ಮ ಕಬ್ಬಿಣದ ಗಂಡನಿಗೆ ಅದೆಲ್ಲಿ ಗೊತ್ತಾಗುತ್ತೆ? ನೀವು ಎತ್ಕೊಂಡು ಹೋಗಿದ್ದು ಅಗ್ಗದ್ದು. ಉಪ್ಪು ಕಂಡ್ರೆ ಅದಕ್ಕೆ ಆಗಲ್ಲ,” ಎಂದನು.

ಹಾಗಾದರೆ ಅಂಥದ್ದನ್ನು ಅಂಗಡಿಯಲ್ಲಿ ಯಾಕೆ ಇಟ್ಟಿದ್ದೀಯ ಎಂದು ಕೇಳಿದೆನು.

“ನಿಮ್ಮಂಥೋರಿಗೇ. ಮ್ಯಾಗ್ನೆಟ್ ಹಿಡ್ಕೊಂಡು ಬರೋರು ನೀವೊಬ್ರೇನಾ? ಹಿಡೀದಿದ್ರೆ ಸಾಕು, ಕಣ್ಣು ಮುಚ್ಚಿ ತಗೊಂಡು ಹೋಗ್ತಾರೆ. ಅದನ್ನ ನಾವು ಭಾವನ ಶೆಲ್ಫು ಅಂತಾನೇ ಕರೆಯೋದು,” ಎಂದನು.

ಈ ಮಾತನ್ನು ಅಕ್ಷರಶಃ ದಾಖಲಿಸಬೇಕು. ಗಿರಾಕಿಯ ತಪ್ಪು ನಂಬಿಕೆಯನ್ನು ಶೆಲ್ಫಿನಲ್ಲಿ ಜೋಡಿಸಿಟ್ಟು ಮಾರುವುದು ಯಾವ ಊರಿನ ನ್ಯಾಯ? ನಾನು ದಡ್ಡನಿರಬಹುದು. ಆದರೆ ದಡ್ಡತನಕ್ಕೆ ಹೊಳಪು ಹಚ್ಚಿ ಬೆಲೆ ಕಟ್ಟಿದವನು ಇವನು. ಕೇಳಿದ್ದಕ್ಕೆ, “ಹೇಳೋಕೆ ಬಂದಾಗ ನೀವು ಮುಚ್ಚಳದ ಜೋಕು ಹೊಡೀತಿದ್ರಿ,” ಎಂದನು. ಇದು ಉತ್ತರವಲ್ಲ. ಜೋಕು ಚೆನ್ನಾಗಿತ್ತು ಎಂಬುದು ಬೇರೆ ಮಾತು.

ನಂತರ ಬಾಮೈದ ಸಹಿ ಹಾಕಿ ಪಾತ್ರೆಗಳನ್ನು ಬಿಡಿಸಿಕೊಂಡನು. ನಾನೂ ಎದ್ದು ಚಪ್ಪಲಿ ಮೆಟ್ಟಿದೆನು. ಅಷ್ಟರಲ್ಲಿ ಅವನು ಫೋನಿನಲ್ಲಿ ಅಕ್ಕನೊಂದಿಗೆ ಮಾತನಾಡಿ, ಫೋನನ್ನು ರೈಟರ್ ಅವರ ಕೈಗೆ ಕೊಟ್ಟನು. ನನ್ನ ಹೆಂಡತಿ ರೈಟರ್ ಅವರಿಗೆ, “ಅಣ್ಣಾ, ನಿಮ್ಮ ದಮ್ಮಯ್ಯ, ಅಡುಗೆ ಮುಗಿಯೋವರೆಗೂ ಅವರನ್ನ ಅಲ್ಲೇ ಇಟ್ಕೊಳ್ಳಿ. ಹೇಳಿಕೆ ಉದ್ದಕ್ಕೆ ಬರ್ಕೊಳ್ಳಿ, ಅವರಿಗೆ ಮಾತಾಡೋಕೆ ಇಷ್ಟ,” ಎಂದು ಹೇಳಿದ್ದು ನನಗೂ ಕೇಳಿಸಿತು. ಈ ಹೇಳಿಕೆ ಇಷ್ಟು ಉದ್ದವಾಗಿರುವುದಕ್ಕೆ ಇದೇ ಕಾರಣ. ಕಟ್ಟಿಕೊಂಡ ಗಂಡನನ್ನು ಠಾಣೆಯಲ್ಲಿ ಕಟ್ಟಿಹಾಕಿಸಿದ್ದು ಬಂಧನವೋ ಸಂಬಂಧವೋ ಎಂದು ಅಧಿಕಾರಿಗಳೇ ನಿರ್ಧರಿಸಬೇಕು.

ಬಾಮೈದ ಒಬ್ಬನೇ ಪಾತ್ರೆಗಳನ್ನು ಸ್ಕೂಟರಿನಲ್ಲಿಟ್ಟುಕೊಂಡು ಆಫೀಸಿಗೆ ಹೋದನು. ಒಂದೂಮುಕ್ಕಾಲಿಗೆ ಹೆಂಡತಿಯ ಫೋನು ಬಂತು. ಹಿಂದೆ ತಟ್ಟೆಗಳ ಸದ್ದು ಕೇಳುತ್ತಿತ್ತು. ಊಟ ಹತ್ತು ನಿಮಿಷ ತಡವಾಯಿತಂತೆ. ಅನ್ನ ಉದುರುದುರಾಗಿತ್ತು, ಹೂಕೋಸು ಒಂದು ತುಂಡೂ ಉಳಿಯಲಿಲ್ಲವಂತೆ. ಮೇಡಂ ಎರಡನೇ ಸಲ ಬಡಿಸಿಕೊಂಡು, ಮುಂದಿನ ತಿಂಗಳಿನಿಂದ ಬನ್ನಿ ಎಂದರಂತೆ. ಜೊತೆಗೆ ಬಂದಿದ್ದ ಯಜಮಾನರು ಮಾತ್ರ ಅಡುಗೆ ಕೋಣೆಗೆ ಬರಬೇಕಾಗಿಲ್ಲ ಎಂದೂ ಹೇಳಿದರಂತೆ. ಆಕೆ ನಕ್ಕಳು. ಆಮೇಲೆ, ಊಟ ಆಯಿತಾ ಎಂದು ಕೇಳಿದಳು. ಇಲ್ಲ ಎಂದೆನು. ಡಬ್ಬಿ ಕಳಿಸಿದ್ದೇನೆ ಎಂದಳು.

ಬಾಮೈದನು ಕಳವಿನ ದೂರನ್ನು ಹಿಂದಕ್ಕೆ ಪಡೆದಿರುತ್ತಾನೆ. ಆದರೂ ಭಾವನ ಶೆಲ್ಫಿನ ಬಗ್ಗೆಯೂ ಟೈಲರ್ ಬಗ್ಗೆಯೂ ನನ್ನ ದೂರು ಹಾಗೆಯೇ ಇರತಕ್ಕದ್ದು. ಮೇಲಿನದೆಲ್ಲ ನನ್ನ ಬಾಯಿಂದಲೇ ಬಂದದ್ದು, ರೈಟರ್ ಅವರು ತಮ್ಮದೇನನ್ನೂ ಬೆರೆಸಿಲ್ಲ, ನಾನು ಬೆರೆಸಿದ್ದರಲ್ಲೂ ಸುಳ್ಳಿಲ್ಲ.

ಸ್ಥಳ: ಠಾಣೆಯ ಕಿಟಕಿ ಪಕ್ಕದ ಮೇಜು
ದಿನ: ಸೋಮವಾರ, ಮಧ್ಯಾಹ್ನ ಎರಡು ಗಂಟೆ
ಸಹಿ: ಶ್ಲೇಷೆ ಮೇಷ್ಟ್ರು

ಸಹಿಯಾದ ಮೇಲೆ ಸೇರಿಸಿದ್ದು: ಹೇಳಿಕೆಯನ್ನು ನನಗೆ ಓದಿ ಹೇಳುವಾಗ ರೈಟರ್ ಅವರು, ‘ತಳ ಹಿಡಿಯೋದೇ ನೋಡಿ ತಗೊಂಡು ಬನ್ನಿ’ ಎಂಬಲ್ಲಿ ನಿಲ್ಲಿಸಿ, ಮೊದಲ ಬಾರಿಗೆ ನಕ್ಕರು. ಅಲ್ಲಿ ನಾನು ಯಾವ ಶ್ಲೇಷೆಯನ್ನೂ ಮಾಡಿಲ್ಲವಲ್ಲ ಎಂದು ಕೇಳಿದೆನು. “ನೀವು ಮಾಡಿಲ್ಲ ಮೇಷ್ಟ್ರೇ, ಅಮ್ಮಾವ್ರು ಮಾಡಿದ್ದು,” ಎಂದು ಹೇಳಿ, ನನ್ನ ಮುಂದೆ ತಮ್ಮ ಊಟದ ಡಬ್ಬಿಯನ್ನು ಬೋರಲು ಹಾಕಿ ಆಯಸ್ಕಾಂತವನ್ನು ಅದರ ತಳಕ್ಕೆ ಹಿಡಿಸಿ ತೋರಿಸಿದರು. ಹಿಡಿಯಿತು. ಆದಕಾರಣ, ಶನಿವಾರ ಅಂಗಡಿಯಲ್ಲಿ ಗಿರಾಕಿಗಳು ನಕ್ಕದ್ದು ನನ್ನ ಮಾತಿಗಲ್ಲ ಎಂದೂ, ಅಲ್ಲಿದ್ದವರಲ್ಲಿ ಎರಡನೆಯ ಅರ್ಥ ಹೊಳೆಯದೆ ಇದ್ದವನು ನಾನೊಬ್ಬನೇ ಎಂದೂ ಒಪ್ಪಿಕೊಳ್ಳುತ್ತೇನೆ. ರೈಟರ್ ಅವರು ಇದನ್ನು ನನಗೆ ಎರಡು ಸಲ ವಿವರಿಸಬೇಕಾಯಿತು.